ಕೆರೆ ಉಳಿಸಿದ 'ಸಮುದಾಯ' ಯಾವುದು?

ನಾನಿರೋದು ತ್ಯಾಗರಾಜನಗರದಲ್ಲಿ. ಯಡಿಯೂರು ಕೆರೆಗೆ ನಡ್ಕೊಂಡೇ ಹೋಗ್ತೀನಿ. ಮೊನ್ನೆ ಅಲ್ಲಿ ಪರಿಚಯದ ಹಿರಿಯರೊಬ್ಬರು, "ನೋಡಿ, ಸಮುದಾಯ ಮನಸ್ಸು ಮಾಡಿದ್ರೆ ಕೆರೆ ಉಳಿಯುತ್ತೆ" ಅಂದ್ರು. ಮಾತು ನಿಜ. ಆದ್ರೆ ಸಮುದಾಯ ಅಂದ್ರೆ ಯಾರು ಅಂತ ಆವತ್ತಿಂದ ಯೋಚಿಸ್ತಿದ್ದೀನಿ.

ಬಸವನಗುಡಿಯ ಕಾರಂಜಿ ಕೆರೆ ಈಗ ಕಾರಂಜಿ ಆಂಜನೇಯನ ಹೆಸರಲ್ಲಷ್ಟೇ ಇದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ನಗರಕ್ಕೆ ಕೆರೆಗಳು ಬೇಡವಾದವು ಅನ್ನೋದನ್ನ ಎಲ್ಲರೂ ಬರೀತಾರೆ. ಕೆರೆಯ ಜೊತೆಗೆ ನೀರುಗಂಟಿಯೂ ಮರೆಯಾದ ಅನ್ನೋದನ್ನ ಬರೆಯೋರು ಕಡಿಮೆ.

ನೀರುಗಂಟಿ ಅಂದ್ರೆ ತೂಬು ಎತ್ತೋನು, ಮಳೆಗಾಲದ ರಾತ್ರಿ ಏರಿ ಕಾಯೋನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಟ್ಟು ಹಾಯಿಸೋನು. ಬೆಂಗಳೂರು, ಕೋಲಾರ ಸೀಮೆಯಲ್ಲಿ ಈ ಕೆಲಸ ಮಾಡಿದೋರು ಹೆಚ್ಚಾಗಿ ನಮ್ಮವರೇ. ನಮ್ಮ ತಾತನೂ ನೀರುಗಂಟಿ. ಊರಿನ ಎಲ್ಲರ ಗದ್ದೆಗೂ ನೀರು ಬಿಟ್ಟ ಅವರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯ ಚಾಕರಿ ರದ್ದಾಯ್ತು. ಅದು ಆಗಲೇಬೇಕಿತ್ತು, ಆ ಚಾಕರಿ ವಾಪಸ್ ಬರಲಿ ಅಂತ ನಾನು ಕೇಳ್ತಿಲ್ಲ. ಆದ್ರೆ ಚಾಕರಿಯ ಜೊತೆಗೆ ಕೆರೆಯ ಬಗ್ಗೆ ನಮಗಿದ್ದ ತಿಳಿವಳಿಕೆಯನ್ನೂ ಯಾರೂ ಲೆಕ್ಕಕ್ಕಿಡಲಿಲ್ಲ.

ಇನ್ನು ಕೆರೆ ನೀರು ಮುಟ್ಟೋ ಹಕ್ಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದರು. ಸವರ್ಣೀಯರು ಆಮೇಲೆ ಆ ಕೆರೆಯನ್ನ ಗಂಜಲ, ಸಗಣಿ ಹಾಕಿ 'ಶುದ್ಧಿ' ಮಾಡಿದರು! ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬರೋಕೆ 1937ರವರೆಗೆ ಕಾಯಬೇಕಾಯ್ತು. ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನ ಹೆಸರಿಟ್ಟೇ ಹೇಳುತ್ತೆ. ಅದರ ಹಿಂದೆ ಮಹಾಡದ ನೆನಪಿದೆ ಅಂತ ನಾನು ನಂಬ್ತೀನಿ.

ಹಾಗಂತ ಕೆರೆ ಉಳಿಸೋರನ್ನೆಲ್ಲ ಬೈಯೋಕೆ ನಾನು ಕೂತಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗಾಗಿ 2009ರ ಹೊತ್ತಿಗೆ ಅಲ್ಲಿನ ನಿವಾಸಿಗಳು, ಪರಿಸರ ತಜ್ಞರು ಬಿಬಿಎಂಪಿ ಜೊತೆ ಸೇರಿ ಕೆಲಸ ಶುರು ಮಾಡಿದರು. ಕೊಳಚೆ ತುಂಬಿದ್ದ ಕೆರೆಗೆ ಹಕ್ಕಿಗಳು ಮರಳಿದವು. ದನ ಸಾಕೋರು ಅಲ್ಲಿ ಹುಲ್ಲು ಕೊಯ್ಯೋಕೂ ಅವಕಾಶ ಉಳಿಯಿತು. ಅಂದ್ರೆ ವಾಕಿಂಗ್ ಮಾಡೋರ ಜೊತೆಗೆ ಕೆರೆಯಿಂದ ಬದುಕೋರಿಗೂ ಜಾಗ ಮಾಡಬಹುದು.

ಆದ್ರೆ ನಾನು ಕಂಡ ಎಷ್ಟೋ ಕಡೆ ಮೊದಲು ಬೇಲಿ ಬರುತ್ತೆ, ಆಮೇಲೆ ಸಮಯದ ಬೋರ್ಡು, ಆಮೇಲೆ ಬಟ್ಟೆ ಒಗೆಯೋರು, ಮೀನು ಹಿಡಿಯೋರು 'ಒತ್ತುವರಿದಾರರು' ಆಗ್ತಾರೆ. ಹೂಳೆತ್ತೋಕೆ, ಕೊಳಚೆ ಮೋರಿಗಿಳಿಯೋಕೆ ನಮ್ಮ ಹುಡುಗರು ಬೇಕು. ಸಮಿತಿಯ ಕುರ್ಚಿ ಮೇಲೆ ಮಾತ್ರ ಅವರು ಕಾಣಲ್ಲ.

ನಿಮ್ಮ ಏರಿಯಾದಲ್ಲಿ ಕೆರೆ ಸಮಿತಿ ಇದ್ದರೆ ಮುಂದಿನ ಸಭೆಗೆ ಹೋಗಿ. ಮೂರೇ ಪ್ರಶ್ನೆ ಕೇಳಿ: ಈ ಕೆರೆಯ ನೀರುಗಂಟಿ ಮನೆತನ ಯಾವುದು? ಪಕ್ಕದ ಕಾಲೋನಿಯಿಂದ ಸಮಿತಿಯಲ್ಲಿ ಯಾರಿದ್ದಾರೆ? ಮೋರಿಗಿಳಿಯೋ ಕೆಲಸಗಾರನಿಗೆ ಯಂತ್ರ, ಸರಿಯಾದ ಕೂಲಿ ಕೊಟ್ಟಿದ್ದೀರಾ? ಸಿಕ್ಕ ಉತ್ತರವನ್ನ ಕೆಳಗೆ ಬರೀರಿ, ಒಟ್ಟು ಮಾಡೋಣ.

ಜೈ ಭೀಮ್.