ಗೆಣಸಿನ ಎರಡು ಹೆಸರು

ಚೀನೀ ಭಾಷೆಯನ್ನು ಕಲಿಯತೊಡಗಿದವನಿಗೆ ಅಡುಗೆಮನೆಯ ಮಾತುಗಳೇ ಮೊದಲ ಪಾಠ. ಅಕ್ಕಿಗೆ ‘ಮಿ’, ನೀರಿಗೆ ‘ಶುಯ್’, ಚಹಕ್ಕೆ ‘ಛಾ’. ಇವನ್ನು ಬಾಯಿಪಾಠ ಮಾಡಬೇಕು. ಹೊರಗಿನಿಂದ ಬಂದ ಪದಾರ್ಥಗಳ ಹೆಸರನ್ನಾದರೋ ಬಿಡಿಸಿ ನೋಡಿದರೆ ಚರಿತ್ರೆಯೇ ತಿಳಿಯುತ್ತದೆ.

ಕರಿಮೆಣಸಿಗೆ ‘ಹೂಜ್ಯಾವ್’ ಎಂದು ಹೆಸರು. ‘ಹೂ’ ಎಂದರೆ ಉತ್ತರ ಪಶ್ಚಿಮಗಳ ಪರಕೀಯರು. ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಕಾಳಿಗೂ ಅವರ ಹೆಸರೇ ಅಂಟಿತು. ಮಿಂಗ್ ಅರಸರ ಕಾಲದಲ್ಲಿ ಸಮುದ್ರದ ದಾರಿಯಾಗಿ ಬಂದವುಗಳಿಗೆ ‘ಫಾನ್’ ಎಂಬ ಪೂರ್ವಪದ ಸೇರಿತು. ಟೊಮೇಟೊ ‘ಫಾನ್‌ಛ್ಯೆ’, ಅಂದರೆ ಪರದೇಶದ ಬದನೆ. ನಾವು ‘ಸೀಮೆಬದನೆ’ ಎನ್ನುವುದಿಲ್ಲವೆ, ಹಾಗೆ. ಸಿಹಿಗೆಣಸು ‘ಫಾನ್‌ಶೂ’.

ಈ ಗೆಣಸಿಗೆ ಇನ್ನೊಂದು ಹೆಸರೂ ಉಂಟು. 1593ರಲ್ಲಿ ಛೆನ್ ಝೆನ್‌ಲೋಂಗ್ ಎಂಬ ವರ್ತಕನು ಫಿಲಿಪೀನ್ಸಿನ ಲುಜಾನ್ ದ್ವೀಪದಿಂದ ಅದರ ಬಳ್ಳಿಯನ್ನು ಫೂಜಿಯಾನ್ ಪ್ರಾಂತಕ್ಕೆ ತಂದನೆಂದು ಹೇಳುತ್ತಾರೆ. ಮರುವರ್ಷವೇ ಅಲ್ಲಿ ಕ್ಷಾಮ ತಲೆದೋರಿತು. ಪ್ರಾಂತಾಧಿಕಾರಿಯಾಗಿದ್ದ ಜಿನ್ ಎಂಬಾತನು ಊರೂರಿನಲ್ಲಿ ಗೆಣಸನ್ನು ನೆಡಿಸಿದನು. ಬದುಕಿ ಉಳಿದ ಜನ ಅದನ್ನು ‘ಜಿನ್‌ಶೂ’, ಜಿನ್ನನ ಗೆಣಸು, ಎಂದು ಕರೆದರು. ಒಂದು ಹೆಸರು ಗೆಣಸು ಬಂದ ದಾರಿಯನ್ನು ಹೇಳಿದರೆ, ಇನ್ನೊಂದು ಉಂಡವರ ಋಣವನ್ನು ಹೇಳುತ್ತದೆ.