ಕಾವೇರಿಯ ವಿದ್ಯುತ್ತು, ಕೋಲಾರದ ಚಿನ್ನ ಮತ್ತು ನಮ್ಮ ಕವಿಕಾ

ಹೆಚ್ಚು ವಿದ್ಯುತ್ತನ್ನು ಬಳಸುವ ನಾಡು ಹೆಚ್ಚು ಸಿರಿವಂತ ನಾಡು ಎಂಬುದು ಪಠ್ಯಪುಸ್ತಕಗಳ ಹಳೆಯ ಮಾತು. ತಲಾ ವಿದ್ಯುತ್ ಬಳಕೆಯನ್ನೂ ತಲಾ ಆದಾಯವನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದರೆ ಎರಡೂ ಜೊತೆಯಾಗಿ ಏರುವುದು ಕಾಣುತ್ತದೆ. ಆದರೆ ಇವೆರಡರಲ್ಲಿ ಎತ್ತು ಯಾವುದು, ಬಂಡಿ ಯಾವುದು? ಅರ್ಥಶಾಸ್ತ್ರಜ್ಞರು ಇನ್ನೂ ವಾದಿಸುತ್ತಿರುವ ಈ ಪ್ರಶ್ನೆಗೆ ಹಳೆಯ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಒಂದೇ ನದಿಯ ವಿದ್ಯುತ್ತು ಎರಡು ಊರುಗಳಿಗೆ ಹೋಯಿತು. ಎರಡರ ಹಣೆಬರಹವೂ ಬೇರೆಬೇರೆಯಾಯಿತು.

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ನಿದರ್ಶನಗಳು ಆಗ ಪ್ರಪಂಚದಲ್ಲೇ ವಿರಳ. ಯೋಜನೆಯ ಹಿಂದಿದ್ದವರು ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಮತ್ತು ದಿವಾನ್ ಶೇಷಾದ್ರಿ ಅಯ್ಯರ್. ದಿವಾನರು 1901ರಲ್ಲೇ ತೀರಿಕೊಂಡರು; ತಮ್ಮ ಕನಸಿನ ತಂತಿಯಲ್ಲಿ ವಿದ್ಯುತ್ತು ಹರಿದದ್ದನ್ನು ಅವರು ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೊಳ್ಳುವವರು ಮೊದಲು ಸಿದ್ಧರಾಗಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳು ಅದುವರೆಗೆ ಉಗಿಯಂತ್ರಗಳನ್ನು ನೆಚ್ಚಿದ್ದವು. ಅಗ್ಗದ ಶಕ್ತಿಗಾಗಿ ಹಣ ತೆರಲು ಅವರಿಗೆ ಹಿಂಜರಿಕೆ ಇರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ 5ರಂದು. ಚಿನ್ನ ಉಂಡು ಮಿಕ್ಕಿದ್ದು ನಮ್ಮ ಊರಿಗೆ ಎಂದರೆ ತಪ್ಪಾಗದು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಯಂತ್ರಗಳೂ ಸೊರಗುತ್ತಿದ್ದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರೊದಗಿಸುವುದೂ ಒಂದಾಗಿತ್ತೆಂಬುದನ್ನು ಮಂಡ್ಯದ ಗದ್ದೆಗಳನ್ನು ನೋಡುವಾಗ ನಾವು ಮರೆಯುತ್ತೇವೆ.

ಕೋಲಾರದ ಗಣಿಗಳಲ್ಲಿ ಈ ವಿದ್ಯುತ್ತು ಏನು ಮಾಡಿತು? ನೀರೆತ್ತಿತು, ಜನರನ್ನೂ ಅದಿರನ್ನೂ ಮೇಲೆಕೆಳಗೆ ಸಾಗಿಸಿತು, ಕಲ್ಲು ಪುಡಿಮಾಡಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು. ಬ್ರಿಟಿಷರ ಕಾಲದುದ್ದಕ್ಕೂ ಅದರ ಲಾಭ ಲಂಡನ್ನಿನ ಷೇರುದಾರರಿಗೆ ಸಂದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಅಲ್ಲಿ ಉಳಿದಿರುವುದು ಸೈನೈಡ್ ದಿಬ್ಬಗಳು, ಮತ್ತು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುವ ಸಾವಿರಾರು ಜನರು. ನಾಡಿನಲ್ಲಿ ಎಲ್ಲರಿಗಿಂತ ಮೊದಲು ವಿದ್ಯುತ್ತು ಕಂಡ ಊರು ಅದು!

ಬೆಂಗಳೂರು ಮಾಡಿದ್ದು ಬೇರೆ. ನಮ್ಮ ಬಾಪೂಜಿ ನಗರದಿಂದ ಮೈಸೂರು ರಸ್ತೆಗೆ ಬಂದರೆ ಸಿಗುವ ಕವಿಕಾ, ಎಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ನಿಮ್ಮಲ್ಲಿ ಅನೇಕರಿಗೆ ಬಸ್ ನಿಲ್ದಾಣದ ಹೆಸರಾಗಿ ಮಾತ್ರ ಪರಿಚಿತ. ಅದರ ಮೂಲ 1933ರ ಸರ್ಕಾರಿ ವಿದ್ಯುತ್ ಕಾರ್ಖಾನೆ. ಅಲ್ಲಿ ತಯಾರಾಗುವುದು ಟ್ರಾನ್ಸ್‌ಫಾರ್ಮರುಗಳು. ವಿಜ್ಞಾನದ ಪಾಠ ನೆನಪಿದ್ದವರಿಗೆ ಗೊತ್ತಿದೆ: ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ ಹತ್ತನೆಯ ಒಂದು ಭಾಗಕ್ಕಿಳಿಯುತ್ತದೆ, ಶಾಖವಾಗಿ ನಷ್ಟವಾಗುವುದು ನೂರನೆಯ ಒಂದು ಭಾಗಕ್ಕೆ. ಆದುದರಿಂದ ವಿದ್ಯುತ್ತನ್ನು ದೂರ ಒಯ್ದು ಹಳ್ಳಿಹಳ್ಳಿಗೆ ಹಂಚುವ ಸಂಸ್ಥಾನಕ್ಕೆ ಟ್ರಾನ್ಸ್‌ಫಾರ್ಮರುಗಳು ಬೇಕೇಬೇಕು. ಕಂಬಕ್ಕೆ ಪಿಂಗಾಣಿಯ ಅವಾಹಕಗಳು ಬೇಕು, ಮನೆಗೆ ಬಲ್ಬು ಬೇಕು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಆ ಕೆಲವೇ ವರ್ಷಗಳಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆಯೂ 1936ರಲ್ಲಿ ಮೈಸೂರು ಲ್ಯಾಂಪ್ಸ್ ಕೂಡ ಬೆಂಗಳೂರಿನಲ್ಲಿ ತಲೆಯೆತ್ತಿದವು. ವಿದ್ಯುತ್ತನ್ನು ಉರಿಸುವುದರ ಜೊತೆಗೆ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಇಲ್ಲೇ ಮಾಡಲು ಕಲಿತರು. ತಾಮ್ರದ ತಂತಿ ಸುತ್ತುವವನು, ಫಿಟ್ಟರು, ಟರ್ನರು ಎಂಬ ಹೊಸ ಕುಶಲಕರ್ಮಿಗಳ ಪೀಳಿಗೆಯೇ ಬೆಳೆಯಿತು. 1940ರಲ್ಲಿ ವಿಮಾನ ಕಾರ್ಖಾನೆ ಈ ಊರನ್ನು ಆರಿಸಿಕೊಂಡದ್ದು ಬರಿಯ ಹವೆಯ ಸೊಗಸಿಗಾಗಿ ಎಂದು ನಾನು ನಂಬುವುದಿಲ್ಲ. ಬಳಸಿದ ಯೂನಿಟ್ಟುಗಳ ಲೆಕ್ಕದಲ್ಲಿ ಗಣಿಗಳದೇ ಮೇಲುಗೈ. ಆದರೆ ಗಣಿಯ ಯೂನಿಟ್ಟು ಚಿನ್ನದೊಡನೆ ಹಡಗು ಹತ್ತಿತು, ಬೆಂಗಳೂರಿನದು ಕೈಕಸುಬಾಗಿ ಇಲ್ಲೇ ನೆಲೆಸಿತು.

ಮುಂದಿನ ಕಥೆ ಶರಾವತಿಯದು. 1948ರಲ್ಲಿ ಜೋಗದ ವಿದ್ಯುದಾಗಾರ, 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದ ಶರಾವತಿ ಯೋಜನೆ. ಅಗ್ಗದ ವಿದ್ಯುತ್ತನ್ನು ನಂಬಿ ಬೆಳಗಾವಿಯ ಅಲ್ಯೂಮಿನಿಯಂ ಕಾರ್ಖಾನೆಯಂಥ ಹಸಿದ ಹೊಟ್ಟೆಯ ಉದ್ಯಮಗಳು ಬಂದವು. ಆದರೆ ಮಳೆ ಯಾರ ಮಾತನ್ನೂ ಕೇಳುವುದಿಲ್ಲ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ರಾಜ್ಯ ಬಹುಮಟ್ಟಿಗೆ ನೀರನ್ನೇ ನೆಚ್ಚಿತ್ತು. ಲೋಡ್ ಶೆಡ್ಡಿಂಗ್ ಎಂಬ ಪದವನ್ನು ಅಜ್ಜಿಯರೂ ಕಲಿತ ಕಾಲವದು. ಮೇಣದಬತ್ತಿಯಲ್ಲಿ ಓದಿ ಎಸ್ಸೆಸ್ಸೆಲ್ಸಿ ದಾಟಿದವರು ನಿಮ್ಮಲ್ಲೇ ಇದ್ದೀರಿ. ಇತ್ತ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಗದ್ದೆ, ತೋಟ, ಮನೆ ಮುಳುಗಿಸಿಕೊಂಡವರ ನಷ್ಟ ಅಭಿವೃದ್ಧಿ ದರದ ಯಾವ ಅಂಕಿಯಲ್ಲೂ ಕಾಣಸಿಗದು. ತುಮರಿಯ ಕಡೆಯವರು ಲಾಂಚಿಗಾಗಿ ಕಾಯುತ್ತ ತಲೆಮಾರುಗಳನ್ನು ಕಳೆದರು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈ 14ರಂದು.

ಈಗ ಬೆಂಗಳೂರಿನ ಗಳಿಕೆಯ ದೊಡ್ಡ ಪಾಲು ಸಾಫ್ಟ್‌ವೇರಿನದು. ಒಂದು ರೂಪಾಯಿ ಸಂಪಾದಿಸಲು ಅಲ್ಯೂಮಿನಿಯಂಗೆ ಬೇಕಾಗುವಷ್ಟು ವಿದ್ಯುತ್ತು ಅದಕ್ಕೆ ಬೇಡ. ಹಾಗೆಂದು ಹಂಗು ತಪ್ಪಿತೆಂದಲ್ಲ. 2023ರ ಬರದಲ್ಲಿ ರಾಜ್ಯ ಮತ್ತೆ ಕೊರತೆ ಕಂಡಿತು. ಬಿಸಿಲಿನ ಕಡೆಗೆ ಹೊರಳಿರುವುದರಿಂದ ಲೆಕ್ಕದ ಪುಸ್ತಕವೂ ಸ್ವಲ್ಪ ಬದಲಾಗಿದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಏರುವ ಬಾಡಿಗೆ. ಶರಾವತಿಯವರಿಗೆ ಇಂಥದ್ದು ಯಾರೂ ಕೊಡಲಿಲ್ಲ. ಆದರೆ ಪಾವಗಡದ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದವರಿಗೆ ಈ ಬಾಡಿಗೆಯಲ್ಲೂ ಪಾಲಿಲ್ಲ.