ಇರುಳಲ್ಲಿ ಹೊತ್ತ ಮೆತ್ತೆಗಳು

ಆಂಪ್ಲಿಫೈಯರ್ ಹೊತ್ತು ತಂದು ‘ಇದ್ರಲ್ಲಿ ಎಕೋ ಬರ್ತಿದೆ, ಸ್ವಲ್ಪ ನೋಡಿ ಸಾರ್’ ಎನ್ನುವವರಿಗೆ ನಾನು ಮೊದಲು ಕೇಳುವುದು ಮನೆಯ ನೆಲ ಎಂಥದು ಅಂತ. ವಿಟ್ರಿಫೈಡ್ ಟೈಲ್ಸ್, ದೊಡ್ಡ ಗಾಜಿನ ಕಿಟಕಿ, ಬೋಳು ಗೋಡೆ ಎಂದರೆ ಸ್ಕ್ರೂ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಬನ್ನಿ ಎನ್ನುತ್ತೇನೆ. ಚಪ್ಪಾಳೆಯ ಹಿಂದೆಯೇ ತಗಡು ನಡುಗಿದಂತೆ ‘ಝರ್ರ್’ ಎಂದರೆ ರೋಗ ಪೆಟ್ಟಿಗೆಯದಲ್ಲ. ಹತ್ತಡಿ ಅಂತರದ ಎರಡು ಬರಿಗೋಡೆಗಳ ನಡುವೆ ಸದ್ದು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಹೋಗಿ ಬರುತ್ತದೆ.

ಕೋಣೆಯನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳಿದವನು ಅಮೆರಿಕದ ವಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯುತ್ತಿರಲಿಲ್ಲ; ಆಡಿದ ಪದ ಐದು ಸೆಕೆಂಡಿಗೂ ಹೆಚ್ಚು ಕಾಲ ಸುಳಿದಾಡಿ ಮುಂದಿನ ಪದಗಳನ್ನೆಲ್ಲ ನುಂಗುತ್ತಿತ್ತು. ಆ ಕಾಲದಲ್ಲಿ ಇಂಥ ಕಟ್ಟಡಗಳಿಗೆ ಮದ್ದೆಂದರೆ ಚಾವಣಿಯ ಕೆಳಗೆ ಅಡ್ಡಡ್ಡ ತಂತಿ ಎಳೆಯುವುದು. ಅದರಿಂದ ಏನೂ ಆಗುವುದಿಲ್ಲ, ಆದರೂ ಎಳೆಯುತ್ತಿದ್ದರು. ಸೇಬಿನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊರಿಸಿ ತಂದ. ಊರು ಮಲಗಿದ ಮೇಲೆಯೇ ಕೆಲಸ, ಬೆಳಗಾಗುವುದರೊಳಗೆ ಮೆತ್ತೆ ವಾಪಸ್. ಆರ್ಗನ್ ಕೊಳವೆ ಊದಿಸಿ, ನಿಲ್ಲಿಸಿ, ಸದ್ದು ಕಿವಿಗೆ ಸಾಯುವ ತನಕದ ಹೊತ್ತನ್ನು ಅಳೆಯುತ್ತಿದ್ದ. ಮೈಕ್ ಇಲ್ಲ, ಮೀಟರ್ ಇಲ್ಲ. ಮೆತ್ತೆ ಹೆಚ್ಚಿದಂತೆ 5.6 ಸೆಕೆಂಡು ಇಳಿಯುತ್ತ ಇಳಿಯುತ್ತ ಒಂದು ಸೆಕೆಂಡಿನ ಆಸುಪಾಸಿಗೆ ಬಂತು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ: ತಾನು ತೊಟ್ಟ ಬಟ್ಟೆಯೂ ಸದ್ದು ಹೀರುತ್ತದೆಂದು ಗೊತ್ತಾದ ದಿನ ಸಾವಿರಾರು ಅಳತೆಗಳನ್ನು ಎಸೆದು, ಅಲ್ಲಿಂದ ಮುಂದೆ ಪ್ರತಿ ಪ್ರಯೋಗಕ್ಕೂ ಅದೇ ಕೋಟು, ಅದೇ ಷರಾಯಿ ತೊಟ್ಟ.

1898ರಲ್ಲಿ ಸೂತ್ರ ಕೈಗೆ ಸಿಕ್ಕಿತು. ಕೋಣೆ ಹಿಗ್ಗಿದಷ್ಟೂ ಅನುರಣನ (ಸದ್ದು ಸಾಯುವ ತನಕದ ಹೊತ್ತು) ಹೆಚ್ಚು, ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆ. ಹೀರಿಕೆಗೆ ಅವನು ಹಿಡಿದ ಅಳತೆಗೋಲು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಸದ್ದು ಹಿಂದಿರುಗುವುದಿಲ್ಲವಲ್ಲ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ಎದ್ದದ್ದು.

ಆದರೆ ಸಭಾಂಗಣದ ಸೂತ್ರ ನಮ್ಮ ಹನ್ನೆರಡಡಿ ಕೋಣೆಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಸದ್ದು ಎಷ್ಟು ಹೊತ್ತು ಉಳಿಯಿತು ಎನ್ನುವುದಕ್ಕಿಂತ ಯಾವ ಗೋಡೆಯಿಂದ ಬಂತು ಎನ್ನುವುದು ಮುಖ್ಯ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ತೋರಿಸಿದ ಹಾಗೆ, ಮೂವತ್ತು ಮಿಲಿಸೆಕೆಂಡಿನೊಳಗೆ ಬರುವ ಮಾರುಸದ್ದನ್ನು ಕಿವಿ ಬೇರೆಯಾಗಿ ಎಣಿಸದೆ ಮೂಲದೊಂದಿಗೇ ಬೆರೆಸಿಕೊಳ್ಳುತ್ತದೆ. ಅದಕ್ಕೇ ಗಿರಾಕಿಗೆ ಎಕೋ ಎಲ್ಲಿಂದ ಎಂದು ಹೇಳಲಾಗುವುದಿಲ್ಲ. ‘ಹಾಡು ಮಸುಕು’ ಎನ್ನುತ್ತಾರೆ, ಆಂಪ್ಲಿಫೈಯರನ್ನು ಬೈಯುತ್ತಾರೆ.

ಹುಡುಕುವುದು ಕಷ್ಟವಿಲ್ಲ. ನೀವು ಕೇಳುವ ಕುರ್ಚಿಯಲ್ಲೇ ಕೂತಿರಿ. ಮನೆಯವರೊಬ್ಬರು ಕೈಗನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಆ ಜಾಗಕ್ಕೆ ಒಂದು ದಪ್ಪ ಕಂಬಳಿ ಇಳಿಬಿಟ್ಟು ಅದೇ ಹಾಡು ಮತ್ತೆ ಹಾಕಿ. ಆಗಲೂ ಎಕೋ ಇದ್ದರೆ ಪೆಟ್ಟಿಗೆ ತನ್ನಿ, ಬಿಚ್ಚೋಣ.